ಕಡಲಿಗೆ 200 ಮೀಟರ್

ಗೋಕರ್ಣದಲ್ಲಿ ಹೋಟೆಲ್ ಹುಡುಕಲು ಕುಳಿತ ಕುಟುಂಬಕ್ಕೆ ಯಾರೂ ಮುಂಚಿತವಾಗಿ ತಿಳಿಸದ ಸಂಗತಿಯೊಂದಿದೆ. ಆ ಹೆಸರಿನಲ್ಲಿ ಇರುವುದು ಒಂದು ಊರಲ್ಲ, ಎರಡು. ಮೊದಲನೆಯದು ಮಹಾಬಲೇಶ್ವರನ ಊರು. ಅಲ್ಲಿ ರಥಬೀದಿಯಿದೆ, ಕೋಟಿತೀರ್ಥವಿದೆ, ಹೆಂಚು ಹೊದಿಸಿದ ಹಳೆಯ ಮನೆಗಳಿವೆ, ಹೂವು ತರಕಾರಿಗಳನ್ನು ಮುಂದಿಟ್ಟುಕೊಂಡು ಕುಳಿತ ಹಾಲಕ್ಕಿ ಸಮುದಾಯದ ಹೆಂಗಸರಿದ್ದಾರೆ. ಬೀದಿಯ ತುದಿಗೆ ಕಡಲೂ ಇದೆ, ಆದರೆ ಅದು ಸಮುದ್ರಸ್ನಾನ ಮುಗಿಸಿ ದರ್ಶನಕ್ಕೆ ಹೋಗುವವರ ಕಡಲು. ಎರಡನೆಯ ಊರು ಸಿಗುವುದು ದಕ್ಷಿಣಕ್ಕೆ ಗುಡ್ಡ ದಾಟಿದ ಮೇಲೆ. ಮೊದಲು ಕುಡ್ಲೆ ಕಡಲತೀರ, ಅದರಾಚೆ ಓಂ, ಇನ್ನೂ ಮುಂದೆ ಕಾಲುದಾರಿಯಲ್ಲೋ ದೋಣಿಯಲ್ಲೋ ಮಾತ್ರ ತಲುಪಬಹುದಾದ ಹಾಫ್ ಮೂನ್ ಮತ್ತು ಪ್ಯಾರಡೈಸ್. ಅಲ್ಲಿನ ಗುಡಿಸಲು ಹೋಟೆಲುಗಳಲ್ಲಿ ಇಡ್ಲಿ ಇದೆಯೇ ಎಂದು ವಿಚಾರಿಸಬೇಕಾಗುತ್ತದೆ, ಅರಬ್ಬರ ಕಡಲೆ ಚಟ್ನಿಯಾದ ಹಮ್ಮಸ್ ಮಾತ್ರ ವಿಚಾರಿಸದೆಯೇ ಸಿಗುತ್ತದೆ. ಎರಡು ಊರುಗಳ ನಡುವೆ ಚಿರೆಕಲ್ಲಿನ ಗುಡ್ಡವೊಂದು ಯಾರ ಪಕ್ಷವನ್ನೂ ವಹಿಸದೆ ಮಲಗಿದೆ.

ಡಿಸೆಂಬರ್ ಕೊನೆಯ ವಾರ ಸಮುದ್ರತೀರಕ್ಕೆ ಹೋಗುವುದೆಂದು ನಮ್ಮ ಮನೆಯಲ್ಲಿ ಮಾತು ಬಂದಾಗ ಎಲ್ಲರೂ ಒಕ್ಕೊರಲಿನಿಂದ ಗೋಕರ್ಣ ಎಂದರು. ಸಾರಿಗೆ ಹುಣಸೆಹಣ್ಣು ಎಷ್ಟು ಎಂಬ ವಿಷಯದಲ್ಲೂ ಒಮ್ಮತ ಮೂಡದ ಮನೆಯಲ್ಲಿ ಇದು ಐತಿಹಾಸಿಕ ಘಟನೆ. ಆದರೆ ನಮ್ಮ ಅತ್ತೆಯವರು ಹೇಳಿದ ಗೋಕರ್ಣ ಮೊದಲನೆಯದು, ನನ್ನ ಮಗಳು ಹೇಳಿದ್ದು ಎರಡನೆಯದು. ನನ್ನ ಹೆಂಡತಿಯ ಮನಸ್ಸಿನಲ್ಲಿದ್ದ ಗೋಕರ್ಣಕ್ಕೆ ಭೂಗೋಳದ ಹಂಗೇ ಇರಲಿಲ್ಲ, ಸ್ನಾನದ ಮನೆ ಸ್ವಚ್ಛವಾಗಿದ್ದರೆ ಸಾಕಿತ್ತು. ಭಾವಮೈದುನನು ಒಂದು ರಾತ್ರಿಗೆ ಎಷ್ಟು ರೂಪಾಯಿ ಎಂಬ ಅಂಕಿಯ ಹೊರತು ಬೇರೆ ಊರನ್ನು ಕಂಡವನಲ್ಲ. ಬುಕಿಂಗ್ ಮಾಡುವ ಮೊಬೈಲ್ ನನ್ನ ಕೈಯಲ್ಲಿದ್ದುದರಿಂದ ನ್ಯಾಯಾಧೀಶನ ಸ್ಥಾನ ತಾನಾಗಿ ನನ್ನ ಪಾಲಿಗೆ ಬಂದಿತು.

ಈ ಕ್ಷೇತ್ರದಲ್ಲಿ ತಂಗುವ ಸ್ಥಳದ ವಿಚಾರದಲ್ಲಿ ತಗಾದೆ ಹೊಸದೇನಲ್ಲ. ಆತ್ಮಲಿಂಗವನ್ನು ಹೊತ್ತು ಲಂಕೆಗೆ ಹೊರಟಿದ್ದ ರಾವಣನು ಸಂಧ್ಯಾವಂದನೆಯ ಹೊತ್ತಾಯಿತೆಂದು ಅದನ್ನು ವಟುವೇಷದ ಗಣಪತಿಯ ಕೈಗಿತ್ತು ಹೋದನು, ಗಣಪತಿಯು ಮೂರು ಸಲ ಕೂಗಿ, ರಾವಣ ಬರುವ ಮೊದಲೇ ಲಿಂಗವನ್ನು ನೆಲಕ್ಕಿಟ್ಟನು, ಆಮೇಲೆ ದಶಕಂಠನು ಎಷ್ಟು ಬಲ ಹಾಕಿ ಎಳೆದರೂ ಅದು ಅಲುಗಲಿಲ್ಲ. ಸ್ಥಳವನ್ನು ನಿರ್ಧರಿಸಿದವನು ಬೇರೆಯವನು, ಹೊತ್ತು ತಂದವನು ಇನ್ನೊಬ್ಬನು, ಒಮ್ಮೆ ನಿರ್ಧಾರವಾದ ಮೇಲೆ ಬದಲಾವಣೆಗೆ ಅವಕಾಶವಿಲ್ಲ. ಡಿಸೆಂಬರ್ ಕೊನೆಯ ವಾರದ ಬುಕಿಂಗ್‌ಗಳು ಇಂದಿಗೂ ಈ ಸಂಪ್ರದಾಯವನ್ನು ನಿಷ್ಠೆಯಿಂದ ಪಾಲಿಸುತ್ತವೆ. ರದ್ದುಪಡಿಸಿದರೆ ಹಣ ಮರಳುವುದಿಲ್ಲ ಎಂಬ ಸಾಲು ಪರದೆಯ ಕೆಳತುದಿಯಲ್ಲಿ, ಮಂತ್ರದಷ್ಟೇ ಸಣ್ಣ ದನಿಯಲ್ಲಿ ಇರುತ್ತದೆ.

ಹೋಟೆಲಿನ ಚಿತ್ರಗಳನ್ನು ಪರೀಕ್ಷಿಸುವುದರಲ್ಲಿ ನನ್ನ ಹೆಂಡತಿಯನ್ನು ಮೀರಿಸುವವರಿಲ್ಲ. ಹಾಸಿಗೆಯ ಮೇಲೆ ಹಂಸದ ಆಕಾರದಲ್ಲಿ ಮಡಿಸಿಟ್ಟ ಟವೆಲ್‌ಗಳಾಗಲಿ, ಈಜುಕೊಳದ ಅಂಚಿನಲ್ಲಿ ಯಾರೂ ಕುಡಿಯದೆ ಬಿಟ್ಟ ನಿಂಬೆ ಪಾನಕದ ಲೋಟವಾಗಲಿ ಅವಳ ಗಮನವನ್ನು ಕದಲಿಸುವುದಿಲ್ಲ. ಅವಳು ನೇರವಾಗಿ ಸ್ನಾನದ ಮನೆಯ ಚಿತ್ರಕ್ಕೆ ಹೋಗಿ, ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿ, "ನಲ್ಲಿ ಬುಡ ಯಾಕೆ ತೋರಿಸಿಲ್ಲ ರೀ?" ಎಂದು ಕೇಳುತ್ತಾಳೆ. ಕಡಲ ಗಾಳಿಯಲ್ಲಿರುವ ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಕಬ್ಬಿಣವೆಂಬುದೆಲ್ಲ ಬೇಗ ತುಕ್ಕು ಹಿಡಿಯುತ್ತದೆ, ಆದಕಾರಣ ಕರಾವಳಿಯ ಹೋಟೆಲಿನ ನಿಜವಾದ ವಯಸ್ಸನ್ನು ಅದರ ಸ್ವಾಗತಕೋಣೆಯಲ್ಲಿ ನೋಡದೆ ಕಿಟಕಿಯ ಚಿಲಕದಲ್ಲೂ ನಲ್ಲಿಯ ಬುಡದಲ್ಲೂ ನೋಡಬೇಕೆಂಬುದು ಅವಳ ಸಿದ್ಧಾಂತ. ಸಿದ್ಧಾಂತ ಸರಿಯಾದುದೇ. ಆದರೆ ಅದನ್ನು ಅನ್ವಯಿಸುತ್ತ ಹೋದಂತೆ ಪಟ್ಟಿಯಲ್ಲಿ ಉಳಿದ ಹೋಟೆಲುಗಳು ಎರಡೇ ಎರಡಾದವು, ಅವುಗಳಲ್ಲಿ ಒಂದು ಇನ್ನೂ ಉದ್ಘಾಟನೆಯಾಗಿರಲಿಲ್ಲ.

ಭಾವಮೈದುನನು ಬೇರೆ ದಾರಿ ಹಿಡಿದಿದ್ದನು. ಮೊದಲ ಪರದೆಯಲ್ಲಿ ಕಾಣುವ ಬೆಲೆಗೂ ಹಣ ಕಟ್ಟುವ ಪರದೆಯಲ್ಲಿ ಕಾಣುವ ಬೆಲೆಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಅವನು ಹಾಳೆಯಲ್ಲಿ ಬರೆದು ನಮಗೆ ಫೋಟೋ ಕಳುಹಿಸುತ್ತಿದ್ದನು. "ಭಾವ, 7,500 ರೂಪಾಯಿ ಒಳಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬರೀ ಶೇ. 5. ಮೊದಲು 12 ಇತ್ತು. ನಮಗೆ ಲಾಭ," ಎಂದು ಅವನು ಗೆಲುವಿನಿಂದ ಹೇಳಿದ ದಿನವೇ, ವರ್ಷದ ಕೊನೆಯ ವಾರವೆಂಬ ಕಾರಣಕ್ಕೆ ಆ ಕೋಣೆಗಳ ಮೂಲಬೆಲೆ ಸುಮಾರು ದುಪ್ಪಟ್ಟಾಗಿತ್ತು. ತೆರಿಗೆ ಇಳಿದ ಸಂತೋಷವನ್ನು ಅವನಿಂದ ಕಸಿದುಕೊಳ್ಳಲು ಮನಸ್ಸಾಗದೆ ನಾವೆಲ್ಲರೂ ಸುಮ್ಮನಿದ್ದೆವು.

ಅತ್ತೆಯವರ ಬೇಡಿಕೆ ಸರಳವಾಗಿತ್ತು. ಬೆಳಗಿನ ಜಾವ ಸಮುದ್ರಸ್ನಾನ, ಅನಂತರ ಕೋಟಿತೀರ್ಥ, ಮಹಾಗಣಪತಿಯ ದರ್ಶನ, ಮಹಾಬಲೇಶ್ವರನ ದರ್ಶನ, ಇಷ್ಟಕ್ಕೂ ಚಪ್ಪಲಿಯ ಅಗತ್ಯ ಬೀಳದಷ್ಟು ಹತ್ತಿರದಲ್ಲಿ ಕೋಣೆ ಇರಬೇಕು, ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ಇರಬಾರದು. ಮಗಳ ಬೇಡಿಕೆಯೂ ಅಷ್ಟೇ ಸರಳವಾಗಿತ್ತು: ಕಣ್ಣು ಬಿಟ್ಟರೆ ಕಡಲು ಕಾಣಬೇಕು ಮತ್ತು ಆ ಕಡಲಿನಲ್ಲಿ ಪರಿಚಯದ ಹಿರಿಯರಾರೂ ಮುಳುಗು ಹಾಕುತ್ತಿರಬಾರದು. ಎರಡೂ ಕಡೆಯವರ ವಾದವನ್ನು ಆಲಿಸಿ, ರಾತ್ರಿಯೆಲ್ಲ ನಕಾಶೆಯನ್ನು ಹಿಂದೆ ಮುಂದೆ ಸರಿಸಿ, ನಾನು ಯಾರಿಗೂ ಅನ್ಯಾಯವಾಗದ ತೀರ್ಪೊಂದನ್ನು ಕೊಟ್ಟೆ. ಪೇಟೆಗೂ ಕುಡ್ಲೆಗೂ ಮಧ್ಯೆ, ಗುಡ್ಡದ ಮೇಲೆ ಒಂದು ಹೋಟೆಲಿತ್ತು. ದೇವಸ್ಥಾನಕ್ಕೆ ಹತ್ತಿರ, ಸೂರ್ಯಾಸ್ತದ ನೋಟ, ಕಡಲಿಗೆ 200 ಮೀಟರ್ ಎಂದು ಅದರ ವಿವರಣೆಯಲ್ಲಿತ್ತು. ನಲ್ಲಿಯ ಬುಡವೂ ಚಿತ್ರದಲ್ಲಿ ಕಾಣುತ್ತಿತ್ತು.

ಬೆಂಗಳೂರಿನಿಂದ ಗೋಕರ್ಣಕ್ಕೆ ಹೆಚ್ಚುಕಡಿಮೆ 480 ಕಿಲೋಮೀಟರ್. ರಾತ್ರಿಯ ಸ್ಲೀಪರ್ ಬಸ್ಸುಗಳು ಬೆಳಿಗ್ಗೆ ಆರೂವರೆ, ಏಳರ ಹೊತ್ತಿಗೆ ತಂದಿಳಿಸುತ್ತವೆ, ಹೋಟೆಲುಗಳು ಮಧ್ಯಾಹ್ನ ಒಂದು ಗಂಟೆಗೆ ಕೋಣೆ ಕೊಡುತ್ತವೆ. ಈ ಇಬ್ಬರೂ ಎಂದಾದರೂ ಒಮ್ಮೆ ಪರಸ್ಪರ ಭೇಟಿಯಾಗಿ ಮಾತನಾಡಿದ್ದರೆ ಪ್ರವಾಸಿಗಳ ಪಾಡು ಎಷ್ಟೋ ಸುಧಾರಿಸುತ್ತಿತ್ತು. ನಮ್ಮ ಊರುಗಳ ಹಳೆಯ ಲಾಡ್ಜುಗಳಲ್ಲಿ ಬಂದ ಗಳಿಗೆಯಿಂದ 24 ಗಂಟೆ ಎಂಬ ಧರ್ಮ ಇನ್ನೂ ಅಲ್ಲಲ್ಲಿ ಉಳಿದಿದೆ, ಈಜುಕೊಳವಿರುವಲ್ಲಿ ಮಾತ್ರ ಆ ಧರ್ಮ ನಡೆಯುವುದಿಲ್ಲ. ಹಲ್ಲುಜ್ಜದ ಮುಖ, ಕೆದರಿದ ತಲೆ, ಚಕ್ಕುಲಿಯ ಡಬ್ಬ, ನೀರಿನ ಕ್ಯಾನು ಸಹಿತ ನಾವು ಸ್ವಾಗತಕೋಣೆಯ ಬಿಳಿಯ ಸೋಫಾಗಳಲ್ಲಿ ಹರಡಿಕೊಂಡು ಕುಳಿತೆವು. ಅದೇ ಸೋಫಾ ಜಾಲತಾಣದ ಚಿತ್ರದಲ್ಲಿಯೂ ಇತ್ತು, ಆದರೆ ಅಲ್ಲಿ ಅದರ ಮೇಲೆ ಭಾವಮೈದುನ ಬಾಯಿ ತೆರೆದು ಮಲಗಿರಲಿಲ್ಲ. ಅತ್ತೆಯವರು ಸ್ನಾನವಾಗದೆ ಕಾಫಿ ಮುಟ್ಟುವವರಲ್ಲ. ಅವರು ಗೋಡೆಯ ಗಡಿಯಾರವನ್ನು ನೋಡುತ್ತಿದ್ದ ರೀತಿಯಿಂದ ಮ್ಯಾನೇಜರರಿಗೆ ಏನನ್ನಿಸಿತೋ, ಒಂದು ಗಂಟೆಯನ್ನು ಹನ್ನೊಂದಕ್ಕೆ ಇಳಿಸಿದರು.

ಕೋಣೆ ಚೆನ್ನಾಗಿತ್ತು. ಇದನ್ನು ಹೇಳಲೇಬೇಕು, ಏಕೆಂದರೆ ಮುಂದಿನದ್ದನ್ನು ಓದಿ ಆ ಹೋಟೆಲಿನವರು ಸುಳ್ಳು ಹೇಳಿದ್ದರೆಂದು ಯಾರೂ ಭಾವಿಸಬಾರದು. ಅವರ ವಿವರಣೆಯಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಕಡಲಿಗೆ ಇದ್ದುದು 200 ಮೀಟರೇ. ಹದ್ದಾಗಿದ್ದರೆ ನಾವು ಅದನ್ನು ಕ್ಷಣದಲ್ಲಿ ಕ್ರಮಿಸುತ್ತಿದ್ದೆವು. ಮನುಷ್ಯರಿಗೆ ಮಾತ್ರ ಚಿರೆಕಲ್ಲು ಕಡಿದು ಮಾಡಿದ ಮೆಟ್ಟಿಲುಗಳಿದ್ದವು, ಅವು ಒಂದಷ್ಟು ದೂರ ಕಡಲಿನ ಕಡೆಗೆ ಇಳಿದು, ಗೋಡಂಬಿ ಮರಗಳ ನಡುವೆ ಮನಸ್ಸು ಬದಲಿಸಿ, ಅಡ್ಡಡ್ಡಲಾಗಿ ತಿರುಗಿ, ಕೊನೆಗೆ ಬೇಸರದಿಂದೆಂಬಂತೆ ಮರಳಿಗೆ ಬಂದು ಬೀಳುತ್ತಿದ್ದವು. ಇಳಿಯುವಾಗ ಮಗಳು ಎಣಿಸಿದ ಮೆಟ್ಟಿಲುಗಳಿಗೂ ಹತ್ತುವಾಗ ಅತ್ತೆಯವರು ಎಣಿಸಿದ ಮೆಟ್ಟಿಲುಗಳಿಗೂ ಎಲ್ಲಿಯೂ ತಾಳೆಯಾಗಲಿಲ್ಲ. "ದೂರ ಎಲ್ಲ ಏನೂ ಇಲ್ಲ ಸಾರ್, ಇಲ್ಲೇ ಕಾಣ್ತದೆ ನೋಡಿ," ಎಂದು ಮ್ಯಾನೇಜರರು ಕೈತೋರಿಸಿದ್ದರು. ಕಾಣುತ್ತಿದ್ದುದು ನಿಜ. ಚಂದ್ರನೂ ಕಾಣುತ್ತಾನೆ.

ದೇವಸ್ಥಾನಕ್ಕೆ ಹತ್ತಿರ ಎಂಬುದೂ ಹೀಗೆಯೇ ನಿಜವಾಗಿತ್ತು, ಆಟೋದವರಿಗೆ. ಗುಡ್ಡದಿಂದ ಪೇಟೆಗೆ ಇಳಿಯುವ ಆಟೋ ಬೆಳಗಿನ ಜಾವ ಸಿಗದ ಕಾರಣ ಅತ್ತೆಯವರ ಸಮುದ್ರಸ್ನಾನ ಎಂಟೂವರೆಗೆ ಸರಿಯಿತು. ಆ ಹೊತ್ತಿಗೆ ದರ್ಶನದ ಸಾಲು ಹೊರಗಿನವರೆಗೂ ಬಂದಿತ್ತು. ಗಂಡಸರು ಪಂಚೆಯುಟ್ಟು, ಅಂಗಿ ಬನಿಯನ್ ತೆಗೆದು ಒಳಹೋಗಬೇಕೆಂಬುದು ಭಾವಮೈದುನನಿಗೆ ಬಾಗಿಲಲ್ಲಿ ಗೊತ್ತಾಯಿತು. ಮೊಣಕಾಲಿನವರೆಗಿನ ಚಡ್ಡಿಯಲ್ಲಿ ಬಂದಿದ್ದ ಅವನು ಅಂಗಡಿಯಲ್ಲಿ ಪಂಚೆ ಕೊಂಡು, ಸೊಂಟದ ಬೆಲ್ಟನ್ನು ಅದರ ಮೇಲೆ ಬಿಗಿದು, ಒಂದು ಕೈಯಲ್ಲಿ ಬೆಲ್ಟನ್ನೂ ಇನ್ನೊಂದರಲ್ಲಿ ಹೂವು ಹಣ್ಣನ್ನೂ ಹಿಡಿದು, ದೇವರಿಗೆ ಕೈಮುಗಿಯಲು ಮೂರನೆಯ ಕೈ ಇಲ್ಲದೆ ತಲೆಯನ್ನಷ್ಟೇ ಬಾಗಿಸಿ ಬಂದನು.

ಇನ್ನು ಸೂರ್ಯಾಸ್ತ. ಈ ಒಂದು ವಿಷಯದಲ್ಲಿ ಸ್ವಲ್ಪ ಖಗೋಳವನ್ನು ತರದೆ ವಿಧಿಯಿಲ್ಲ. ಹೋಟೆಲಿನ ಚಿತ್ರದಲ್ಲಿ ಸೂರ್ಯನು ನಮ್ಮ ಕೋಣೆಯ ಬಾಲ್ಕನಿಯ ಎದುರಿಗೇ, ನಡುಕಡಲಿನಲ್ಲಿ, ಕುಂಕುಮದ ಬಣ್ಣದಲ್ಲಿ ಮುಳುಗುತ್ತಿದ್ದನು. ಚಹಾ ತರಿಸಿಕೊಂಡು ನಾವೆಲ್ಲ ಬಾಲ್ಕನಿಯಲ್ಲಿ ಸಾಲಾಗಿ ಕುಳಿತ ಸಂಜೆ ಅವನು ಎಡಬದಿಯಲ್ಲೇ ನಿಧಾನವಾಗಿ ಕೆಳಗಿಳಿಯುತ್ತ ಹೋಗಿ, ನೀರನ್ನು ಮುಟ್ಟುವ ಮೊದಲೇ ಪಕ್ಕದ ಗುಡ್ಡದ ಹಿಂದೆ ಮರೆಯಾದನು. ಮಗಳು ದೂರು ಕೊಡಲು ಎದ್ದಳು. ಆದರೆ ದೂರು ಕೊಡಬೇಕಾದುದು ಭೂಮಿಯ ಅಕ್ಷದ ಮೇಲೆ. ಡಿಸೆಂಬರಿನ ಕೊನೆಯಲ್ಲಿ ಗೋಕರ್ಣದ ಸೂರ್ಯ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ, ಮೇ ಜೂನ್ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಉತ್ತರಕ್ಕೆ ಸರಿದಿರುತ್ತಾನೆ. ಛಾಯಾಗ್ರಾಹಕನು ಉತ್ತರಾಯಣದಲ್ಲಿ ಬಂದು ಹೋಗಿದ್ದನು. ನಾವು ದಕ್ಷಿಣಾಯನದಲ್ಲಿ ಬಂದಿದ್ದೆವು. ಭೀಷ್ಮರು ಅಷ್ಟು ದಿನ ಕಾದದ್ದು ಸುಮ್ಮನೆ ಅಲ್ಲ.

ಪಶ್ಚಿಮಕ್ಕೆ ಮುಖಮಾಡಿದ ಕೋಣೆಗೆ ಹೆಚ್ಚು ಹಣ ಕೊಡುವವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಮಧ್ಯಾಹ್ನ ಎರಡರಿಂದ ಬಿಸಿಲನ್ನು ಕುಡಿದ ಗೋಡೆ ಅದನ್ನು ರಾತ್ರಿ ಹತ್ತರವರೆಗೂ ಒಳಗಿನವರಿಗೆ ಹಂಚುತ್ತದೆ. ಕಿಟಕಿ ತೆರೆದರೆ ಕಡಲಗಾಳಿ ಬರುತ್ತದೆಯಲ್ಲ ಎಂದು ನಾವೂ ತೆರೆದೆವು. ಶಾಲೆಯ ಪುಸ್ತಕದಲ್ಲಿ ಓದಿದ್ದನ್ನು ಆ ಕ್ಷಣದಲ್ಲಿ ನೆನಪಿಸಿದವಳು ಮಗಳೇ: "ಅಪ್ಪ, ಹಗಲು ಸಮುದ್ರದಿಂದ ನೆಲದ ಕಡೆಗೆ, ರಾತ್ರಿ ನೆಲದಿಂದ ಸಮುದ್ರದ ಕಡೆಗೆ." ನೆಲ ಬೇಗ ತಣ್ಣಗಾಗುತ್ತದೆ, ನೀರು ನಿಧಾನವಾಗಿ ತಣ್ಣಗಾಗುತ್ತದೆ, ಆದ್ದರಿಂದ ರಾತ್ರಿಯ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಅದು ಕಟ್ಟಡದ ಹಿಂಭಾಗದಲ್ಲಿದ್ದ, ಗೋಡಂಬಿ ತೋಟದ ನೋಟವೆಂಬ ಕಾರಣಕ್ಕೆ ಅಗ್ಗವಾಗಿದ್ದ ಕೋಣೆಯನ್ನು ಧಾರಾಳವಾಗಿ ಹೊಕ್ಕು ಹೋಗುತ್ತಿತ್ತು. ಆ ಕೋಣೆಯಲ್ಲಿ ಭಾವಮೈದುನನು ಹೊದಿಕೆ ಹೊದ್ದು ಮಲಗಿದ್ದನು. ಅವನ ಕೋಣೆಗೆ ನಮ್ಮದರ ಅರ್ಧದಷ್ಟೇ ಬಾಡಿಗೆ ಎಂಬುದನ್ನು ಬೆಳಗಿನ ತಿಂಡಿಯ ಮೇಜಿನಲ್ಲಿ ಅವನು ಎಲ್ಲರಿಗೂ ಮತ್ತೊಮ್ಮೆ ತಿಳಿಸಿದನು.

ಅತ್ತೆಯವರು ಮಾತ್ರ ಯಾವುದರ ಬಗ್ಗೆಯೂ ಏನೂ ಹೇಳಲಿಲ್ಲ. ಸೂರ್ಯಾಸ್ತಕ್ಕೆ ನಾವು ಬಾಲ್ಕನಿಯಲ್ಲಿ ಕುಳಿತಾಗಲೂ ಅವರು ಸ್ವಾಗತಕೋಣೆಯಲ್ಲಿದ್ದರು. ಹೊರಡುವ ದಿನ ಮ್ಯಾನೇಜರರು ಬಿಲ್ಲನ್ನು ನನಗೆ ಕೊಟ್ಟು, ಮಡಿಸಿದ ಚೀಟಿಯೊಂದನ್ನು ಅವರಿಗೆ ಕೊಟ್ಟರು. ಬಸ್ಸಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು: ರಥಬೀದಿಯಲ್ಲಿ ಮ್ಯಾನೇಜರರ ಬಂಧುಗಳ ಮನೆಯಿದೆ, ಯಾತ್ರಿಕರಿಗೆ ಕೋಣೆ ಕೊಡುತ್ತಾರೆ, ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಶಿವರಾತ್ರಿಯ ರಥೋತ್ಸವಕ್ಕೆ ಅತ್ತೆಯವರ ಹೆಸರಿನಲ್ಲಿ ಒಂದು ಕೋಣೆ ನಿಗದಿಯಾಗಿದೆ, ಮುಂಗಡ ಬೇಡವೆಂದಿದ್ದಾರೆ.

"ಒಂದೇ ಕೋಣೆಯಾ ಅತ್ತೆ?" ಎಂದು ಕೇಳಿದೆ.

"ನನಗೊಬ್ಬಳಿಗೆ ಎಷ್ಟು ಬೇಕು?"

ಕೋಣೆಯ ಚಿತ್ರವನ್ನಾದರೂ ನೋಡಿದಿರಾ, ಸ್ನಾನದ ಮನೆ ಹೇಗಿದೆ, ಕಿಟಕಿ ಯಾವ ದಿಕ್ಕಿಗಿದೆ ಎಂದು ನನ್ನ ಹೆಂಡತಿ ಒಂದರ ಮೇಲೊಂದು ಪ್ರಶ್ನೆ ಹಾಕಿದಳು. ಅತ್ತೆಯವರು ಚಕ್ಕುಲಿಯ ಡಬ್ಬದ ಮುಚ್ಚಳವನ್ನು ಬಿಗಿಮಾಡುತ್ತ, "ಕಿಟಕಿ ಕೇಳಿಲ್ಲಮ್ಮ. ಬಾಗಿಲಿದೆಯಂತೆ," ಎಂದರು.