ಲ್ಯಾಬಿನ ತಟ್ಟೆಯಲ್ಲಿ ಗೆದ್ದರೆ ಸಾಕಾ?

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಅರಿಶಿನವೇ ಮದ್ದು ಅನ್ನೋ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಂತೂ ಬೆಳಿಗ್ಗೆ ಒಂದು, ರಾತ್ರಿ ಒಂದು. ಪೂರ್ತಿ ಸುಳ್ಳಾಗಿದ್ದರೆ ಸುಮ್ನೆ ಡಿಲೀಟ್ ಮಾಡಬಹುದಿತ್ತು. ಅರ್ಧ ನಿಜ ಇರೋದೇ ತಲೆನೋವು.

ಅರಿಶಿನದಲ್ಲಿರುವ ಕರ್ಕ್ಯುಮಿನ್ ಲ್ಯಾಬಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಗ್ಗಿಸುತ್ತದೆ. ಅದು ನಿಜ. ಆ ಕೋಶಗಳಿಗೆ ಪಿಸಿ-3, ಎಲ್‌ಎನ್‌ಕ್ಯಾಪ್ ಅಂತೆಲ್ಲ ಹೆಸರು. ದಶಕಗಳ ಹಿಂದೆ ರೋಗಿಗಳ ಮೈಯಿಂದ ತೆಗೆದು, ಅಲ್ಲಿಂದ ಬೆಳೆಸಿಕೊಂಡೇ ಬಂದಿದ್ದಾರೆ. ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಅಂಟಿಕೊಂಡು, ಗುಲಾಬಿ ಬಣ್ಣದ ದ್ರವದಲ್ಲಿ ಮುಳುಗಿರುತ್ತವೆ. ಕರ್ಕ್ಯುಮಿನ್ನನ್ನು ಸೀದಾ ಅದರೊಳಗೇ ಹಾಕುತ್ತಾರೆ. ನಡುವೆ ಹೊಟ್ಟೆ ಇಲ್ಲ, ಕರುಳಿಲ್ಲ, ಲಿವರ್ ಇಲ್ಲ.

ನಾವು ತಿಂದ ಅರಿಶಿನಕ್ಕೆ ಆ ಭಾಗ್ಯ ಇಲ್ಲ. ಪುಡಿಯಲ್ಲಿ ಕರ್ಕ್ಯುಮಿನ್ ಇರೋದೇ ನೂರಕ್ಕೆ 3ರ ಆಸುಪಾಸು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ತಿಂದದ್ದರಲ್ಲಿ ರಕ್ತಕ್ಕೆ ಸೇರೋದೆಷ್ಟು ಅಂತ 1998ರಲ್ಲೇ ಅಳೆದಿದ್ದರು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರೆ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಕರಿಮೆಣಸಿನ ಖಾರದ ಅಂಶ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ರಕ್ತಕ್ಕೆ ಸೇರುವುದು 2000% ಜಾಸ್ತಿಯಾಯಿತು. ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಮೆರೆಯೋದು ಈ ಅಂಕಿಯೇ. ಇಲ್ಲದಷ್ಟು ಕಮ್ಮಿ ಇದ್ದದ್ದು ಇಪ್ಪತ್ತು ಪಟ್ಟು ಏರಿದರೆ ಎಷ್ಟಾದೀತು? ಅದನ್ನು ಡಬ್ಬಿ ಹೇಳಲ್ಲ.

ಹಾಗಂತ ಗಿಡದ ಮದ್ದೆಲ್ಲ ಬೊಗಳೆ ಅನ್ನೋ ಪೈಕಿ ನಾನಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದವರಿಗೆ ಡ್ರಿಪ್‌ನಲ್ಲಿ ಕೊಡುವ ಡೋಸಿಟ್ಯಾಕ್ಸೆಲ್‌ನ ಮೂಲ ಯುರೋಪಿನ ಯೂ ಮರದ ಸೂಜಿಯೆಲೆ. ಅದರಲ್ಲಿರುವ ವಸ್ತುವನ್ನು ಮಾರ್ಪಡಿಸಿ ಮದ್ದು ಮಾಡುತ್ತಾರೆ. ಕೋಶ ಎರಡಾಗಬೇಕಾದರೆ ಒಳಗಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳಬೇಕು, ಮತ್ತೆ ಬಿಚ್ಚಿಕೊಳ್ಳಬೇಕು. ಈ ಮದ್ದು ಬಿಚ್ಚಲು ಬಿಡಲ್ಲ. ಕೋಶ ಅಲ್ಲೇ ಸಿಕ್ಕಿಬೀಳುತ್ತದೆ. ಸಾವಿರ ಚಿಲ್ಲರೆ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲ 2004ರಲ್ಲಿ ಹೊರಬಂತು. ಮೂರು ವಾರಕ್ಕೊಮ್ಮೆ ಇದನ್ನು ತೆಗೆದುಕೊಂಡವರು, ಆಗ ಬಳಕೆಯಲ್ಲಿದ್ದ ಮದ್ದು ತೆಗೆದುಕೊಂಡವರಿಗಿಂತ ಎರಡು ತಿಂಗಳ ಮೇಲೆ ಸ್ವಲ್ಪ ಜಾಸ್ತಿ ಬದುಕಿದ್ದರು. ಅಷ್ಟೇ! ಅಷ್ಟನ್ನು ತೋರಿಸೋಕೆ ಅಷ್ಟು ಜನ ಬೇಕಾಯಿತು. ಅಂದಹಾಗೆ, ಅದೇ ಯೂ ಎಲೆಯನ್ನು ಹಾಗೇ ತಿಂದರೆ ವಿಷ.

ಸಾರಿಗೆ ಹಾಕೋ ಚಿಟಿಕೆ ಅರಿಶಿನಕ್ಕೆ ನನ್ನ ತಕರಾರಿಲ್ಲ. ಭಯ ಕ್ಯಾಪ್ಸೂಲಿನದ್ದು. ಮೈಗೆ ಬಂದ ವಸ್ತುಗಳನ್ನು ಲಿವರ್ ಹೊರಹಾಕುವ ಕೆಲಸವನ್ನು ಪೈಪರಿನ್ ನಿಧಾನ ಮಾಡುತ್ತದೆ. ಬೇರೆ ಮಾತ್ರೆಗಳೂ ರಕ್ತದಲ್ಲಿ ಜಾಸ್ತಿ ಹೊತ್ತು ನಿಂತುಬಿಡಬಹುದು. ಅರಿಶಿನದ ಕ್ಯಾಪ್ಸೂಲ್ ನುಂಗಿ ಲಿವರ್ ಕೆಡಿಸಿಕೊಂಡವರ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ.

ನಮ್ಮ ದೊಡ್ಡಪ್ಪನಿಗೆ ಪಿಎಸ್‌ಎ (ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡೋ ರಕ್ತಪರೀಕ್ಷೆಯ ಅಂಕಿ) ಏರಿದಾಗ ಡಾಕ್ಟರ್ "ಬೇರೆ ಮಾತ್ರೆ ಏನಾದ್ರೂ ತಗೋತಿದ್ದೀರಾ ಯಜಮಾನ್ರೇ?" ಅಂತ ಕೇಳಿದರು. ಇವರು ಇಲ್ಲ ಅಂದರು. ಹೊರಗೆ ಬಂದಮೇಲೆ, "ದೊಡ್ಡಪ್ಪಾ, ದಿನಾ ನುಂಗ್ತೀರಲ್ಲ, ಅದು?" ಅಂದೆ.

"ಅದು ಮಾತ್ರೆ ಅಲ್ವಲ್ಲೋ, ಅರಿಶಿನ!"

ಮುಂದಿನ ಸಲ ಡಬ್ಬಿಯನ್ನೇ ತಗೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟೆ.