ಸ್ಪಷ್ಟನೆ: ನಮ್ಮ ಅಂಗಳದ ಕರಿ ದುಂಬಿ ಬಂಬಲ್‌ಬೀ ಅಲ್ಲ

‘ಲ್ಯಾವೆಂಡರ್, ಫಾಕ್ಸ್‌ಗ್ಲೋವ್ ಹಚ್ಚಿದರೆ ಅಂಗಳಕ್ಕೆ ಬಂಬಲ್‌ಬೀ ಬರುತ್ತವೆ’ ಎಂಬ ಸಂದೇಶ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ನಮ್ಮೂರಿಗೆ ಹೊಂದುವ ಮಾತಲ್ಲ. ಬಂಬಲ್‌ಬೀ ಅಂದರೆ ಮೈತುಂಬ ತುಪ್ಪಳವಿರುವ, ತಂಪು ಬಯಸುವ ಒಂದು ಜಾತಿಯ ದಪ್ಪ ಜೇನು. ಭಾರತದಲ್ಲಿ ಅದರ ನೆಲೆ ಹಿಮಾಲಯದ ಕಡೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ ಆ ಗಿಡಗಳೂ ಸುಮ್ನೆ ಒಣಗಿಹೋಗುತ್ತವೆ.

ನಾವು ನೋಡುವ ದಪ್ಪ ಕರಿ ದುಂಬಿ ಬೇರೆ, ಇಂಗ್ಲಿಷಿನಲ್ಲಿ ಅದಕ್ಕೆ ಕಾರ್ಪೆಂಟರ್ ಬೀ ಅಂತಾರೆ. ಒಣ ಕಟ್ಟಿಗೆ, ಬಿದಿರು ಕೊರೆದು ಗೂಡು ಮಾಡುತ್ತದೆ. ತೊಗರಿ ಹೂವಿನ ಮೇಲೆ ಅದು ಕೂತಾಗ ಹತ್ತಿರದಿಂದ ನೋಡಿ. ಭಾರಕ್ಕೆ ಹೂ ಬಾಗುತ್ತದೆ, ಎಸಳು ತೆರೆದು ದುಂಬಿಯ ಹೊಟ್ಟೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಬದನೆ ಹೂವನ್ನಂತೂ ಗುಂಯ್ ಎಂದು ನಡುಗಿಸಿ ಪರಾಗ ಉದುರಿಸುತ್ತದೆ. ಎಂಥಾ ಚಂದ, ಅಲ್ವಾ?

ಈ ದುಂಬಿ ಅಂಗಳಕ್ಕೆ ಬರಬೇಕೆಂದರೆ ತೊಗರಿ, ಬದನೆ, ನುಗ್ಗೆ, ತುಳಸಿ ಹಚ್ಚಿ. ಹೂ ಬಿಟ್ಟಾಗ ಔಷಧಿ ಹೊಡೆಯಬೇಡಿ. ಮೂಲೆಯಲ್ಲೊಂದು ಒಣ ಕಟ್ಟಿಗೆ ತುಂಡು ಇರಲಿ.