ನೀತಿಗೆ ಹತ್ತು ಅಂಕ

ಹೂವಾದ ಹುಡುಗಿಯ ಕಥೆ ಹೇಳಿ, ಕೊನೆಗೆ 'ನಮ್ಮ ಗುಟ್ಟನ್ನು ಯಾರಿಗೂ ಬಿಟ್ಟುಕೊಡಬಾರದು' ಎಂಬ ನೀತಿಯನ್ನು ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಂಡ್ಯದ ಶಾಲೆಯೊಂದರಲ್ಲಿ ಕಥೆ ಹೇಳುವ ಸ್ಪರ್ಧೆಗೆ ತೀರ್ಪು ಕೊಡಲು ಕುಳಿತಿದ್ದಾಗ ಕೇಳಿದ್ದು ಇದನ್ನೇ. ಹುಡುಗಿ ಕಥೆಯನ್ನು ಸೊಗಸಾಗಿ ಹೇಳಿದಳು. ನೀತಿಯನ್ನು ಮಾತ್ರ ಯಾರೋ ದೊಡ್ಡವರು ಬಾಯಿಪಾಠ ಮಾಡಿಸಿದ್ದರು. ಮಾಡಿಸದೆ ಏನು ಮಾಡಿಯಾರು, ನಮ್ಮ ಕೈಗೆ ಕೊಟ್ಟ ಹಾಳೆಯಲ್ಲಿ ಉಚ್ಚಾರಣೆ, ಹಾವಭಾವಗಳ ಪಕ್ಕದಲ್ಲೇ ನೀತಿಗೂ ಹತ್ತು ಅಂಕ ಇಟ್ಟಿದ್ದರು!

ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಮುಂದೆ ಷಿಕಾಗೊದಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್ ಕನ್ನಡದ ಹೆಂಗಸರ ಬಾಯಿಂದ ಹೊರಜಗತ್ತಿಗೆ ದಾಟಿಸಿದ ಕಥೆ ಇದು. ತಾಯಿಯ ಬಡತನ ನೋಡಲಾರದೆ ಕಿರಿಯ ಮಗಳು ಹೂಗಿಡವಾಗುತ್ತಾಳೆ. ಅಕ್ಕ ಹೂ ಬಿಡಿಸಿ, ಕಟ್ಟಿ, ಅರಮನೆಗೆ ಮಾರುತ್ತಾಳೆ. ಗಿಡವಾಗುವ ಮುನ್ನ ಹುಡುಗಿ ಹೇಳುವ ಮಾತು ಮಾತ್ರ ಪ್ರತಿ ಸಲವೂ ಅದೇ: ಉಗುರು ತಾಕಿಸದೆ ಎರಡು ಬಿಂದಿಗೆ ನೀರು ತನ್ನಿ, ಒಂದನ್ನು ನನ್ನ ಮೇಲೆ ಸುರಿಯಿರಿ, ಎಲೆ ಕೀಳದೆ, ಕೊಂಬೆ ಮುರಿಯದೆ ಹೂ ಬಿಡಿಸಿಕೊಳ್ಳಿ, ಆಮೇಲೆ ಇನ್ನೊಂದನ್ನು ಸುರಿಯಿರಿ.

ಕಥೆಯ ಜೀವ ಇರುವುದು ಈ ಪುನರಾವರ್ತನೆಯಲ್ಲಿ. ಪುಸ್ತಕದಲ್ಲಿ ಓದುವಾಗ ಬೇಸರ ತರಿಸುವ ಈ ಸಾಲುಗಳು, ಎದುರಿಗೆ ಕುಳಿತು ಹೂಂಗುಟ್ಟುವ ಮಗುವಿಗೆ ಕಟ್ಟಳೆಯಾಗಿ ಇಳಿಯುತ್ತವೆ. ಅಕ್ಕ ಕಟ್ಟಳೆ ಮೀರುವುದಿಲ್ಲ. ತಾಯಿ ಮೀರುವುದಿಲ್ಲ. ಮದುವೆಯಾದ ರಾಜಕುಮಾರನೂ ಕೊಂಬೆ ಮುರಿಯುವುದಿಲ್ಲ. ಆದರೆ ಅವನ ಕಿರಿಯ ತಂಗಿ ಗೆಳತಿಯರ ಜೊತೆ ಅತ್ತಿಗೆಯನ್ನು ತೋಟಕ್ಕೆ ಕರೆದೊಯ್ದು ಪೀಡಿಸಿ ಗಿಡವಾಗಿಸಿದಾಗ, ಮೊದಲ ಕೊಂಬೆ ಲಟಕ್ಕೆಂದ ಕೂಡಲೇ ಕೇಳುವ ಮಗು ಚಡಪಡಿಸುತ್ತದೆ. ತಪ್ಪು ಯಾವುದೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರನ್ನೂ ಬೇಕಾಬಿಟ್ಟಿ ಎರಚಿ ಹುಡುಗಿಯರು ಓಡುತ್ತಾರೆ. ಕೈಯಿಲ್ಲದ, ಕಾಲಿಲ್ಲದ ಅರೆದೇಹ ಮಳೆಯಲ್ಲಿ ಚರಂಡಿಗೆ ಬೀಳುತ್ತದೆ. ಎತ್ತಿಕೊಂಡವನು ಹತ್ತಿ ಗಾಡಿಯವನು.

ಇಷ್ಟೆಲ್ಲ ಕೇಳಿದ ಮೇಲೂ ಬುದ್ಧಿಮಾತು ಮೈ ಕಳೆದುಕೊಂಡವಳಿಗೇ!

ನೀತಿ ಅಂಟಿಸುವ ಚಟ ನಮ್ಮೊಬ್ಬರದೇ ಅಲ್ಲ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಸಿಂಡರೆಲ್ಲಾ ಕಥೆಯನ್ನು ಅಚ್ಚು ಹಾಕಿಸಿದಾಗ ಒಂದಲ್ಲ, ಎರಡು ನೀತಿಪದ್ಯ ಸೇರಿಸಿದ. ರೂಪಕ್ಕಿಂತ ಒಳ್ಳೆಯ ನಡವಳಿಕೆ ಮೇಲು ಎನ್ನುತ್ತದೆ ಮೊದಲನೆಯದು. ಬುದ್ಧಿ, ಧೈರ್ಯ, ಮನೆತನ ಎಲ್ಲ ಇದ್ದರೂ ಮುಂದೆ ತರುವ ಹಿರಿಯರಿಲ್ಲದಿದ್ದರೆ ಏನೂ ನಡೆಯದು ಎನ್ನುತ್ತದೆ ಎರಡನೆಯದು. ಅಂದರೆ ವಶೀಲಿ ಬೇಕು! ಇಬ್ಬಗೆಯ ಈ ಕುಚೋದ್ಯ ನನಗೆ ಇಷ್ಟ, ಆದರೆ ಆ ಸ್ಪರ್ಧೆಯಲ್ಲಿ ಪೆರೋಗೆ ಹತ್ತಕ್ಕೆ ಎಷ್ಟು ಸಿಗುತ್ತಿತ್ತೋ. ಸಿಂಡರೆಲ್ಲಾಳ ಕಷ್ಟ ಮದುವೆಗೆ ಮುಗಿಯುತ್ತದೆ, ನಮ್ಮ ಹುಡುಗಿಯದು ಮದುವೆಯಿಂದಲೇ ಶುರು. ಕಥೆ ಹೇಳುತ್ತಿದ್ದ ಅಜ್ಜಿಯರು ಸೊಸೆಯರಾಗಿ ಬಾಳಿದವರು, ಅವರಿಗೆ ಇದು ಗೊತ್ತಿತ್ತು.

ಹಾಗೆಂದು ನಮ್ಮ ಕಥೆಗೆ ಬಾಲದಲ್ಲಿ ನೀತಿ ಇಲ್ಲವೆಂದಲ್ಲ. ಗಂಡ ಬೈರಾಗಿಯಾಗಿ ಅಲೆದು, ತನ್ನ ಸ್ವಂತ ಅಕ್ಕನ ಅರಮನೆಯಲ್ಲಿ ಹೆಂಡತಿಯ ಅರೆದೇಹವನ್ನು ಗುರುತಿಸುತ್ತಾನೆ. ನೀರು ಸುರಿದು, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಮತ್ತೆ ನೀರು ಸುರಿಯುತ್ತಾನೆ. ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ರಾಜ ತನ್ನ ಕಿರಿಯ ಮಗಳನ್ನು, ಅಂದರೆ ಆ ನಾದಿನಿಯನ್ನು, ಕುದಿಯುವ ಸುಣ್ಣದ ಗುಂಡಿಗೆ ತಳ್ಳಿಸುತ್ತಾನೆ, ಮಾಡಿದ್ದುಣ್ಣೋ ಮಹಾರಾಯ ಎನ್ನುವಂತೆ ಜನ ತಲೆದೂಗುತ್ತಾರೆ. ಇಡೀ ಕಥೆಯಲ್ಲಿ ನನಗೆ ಒಪ್ಪಿಗೆಯಾಗದ ಜಾಗ ಇದೊಂದೇ. ಹುಡುಗಿಗೆ ಮನಸ್ಸಿಲ್ಲದಿದ್ದರೂ ಬಿಡದೆ ಗಿಡವಾಗು ಎಂದು ಹಟ ಹಿಡಿದವರಲ್ಲಿ ಗಂಡ ನಾದಿನಿಗಿಂತ ಮೊದಲಿಗ. ರಾತ್ರಿ ಹಾಸಿಗೆಯ ಮೇಲೆ ಸುರಿದ ಹೂ ಬೆಳಿಗ್ಗೆ ಬಾಡಿ ಹೊರಗೆ ಬಿದ್ದಿದ್ದನ್ನು ಕಂಡೇ ತಂಗಿಗೆ ಆಸೆ ಹುಟ್ಟಿದ್ದು. ಸುಣ್ಣದ ಗುಂಡಿ ತಂಗಿಯ ಪಾಲಿಗೆ, ಹೆಂಡತಿ ಅಣ್ಣನ ಪಾಲಿಗೆ.

ನಿಮ್ಮ ಮನೆಯಲ್ಲಿ ಈ ಕಥೆಯನ್ನು ಬೇರೆ ರೀತಿ ಹೇಳುತ್ತಿದ್ದರೆ ಕೆಳಗೆ ಬರೆಯಿರಿ. ಮುಖ್ಯವಾಗಿ, ನಿಮ್ಮ ಅಜ್ಜಿ ಆ ನಾದಿನಿಯನ್ನು ಏನು ಮಾಡಿದರು?